ಚೆಸ್ ಅಂಕಣದಲ್ಲಿ ಹಳೆಯ ಟೂರ್ನಿಗಳಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

2024ರಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಪತ್ರಿಕೆಗಳಲ್ಲಿ ಚೆಸ್ ಸುದ್ದಿ ಜಾಸ್ತಿ ಬರುತ್ತಿದೆ, ಸಂತೋಷ. ಆದರೆ ಬರುವುದು ಹೆಚ್ಚಾಗಿ ಫಲಿತಾಂಶವೇ: ಯಾರು ಗೆದ್ದರು, ರೇಟಿಂಗ್ ಎಷ್ಟು ಏರಿತು. ಹಳೆಯ ದೊಡ್ಡ ಟೂರ್ನಿಗಳ ಕತೆಯನ್ನೂ ವಾರಕ್ಕೊಮ್ಮೆ ಹಾಕಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಹವಾನಾದ ಕಾಪಾಬ್ಲಾಂಕ ಸ್ಮಾರಕ ಟೂರ್ನಿಯಿಂದಲೇ ಶುರು ಮಾಡಬಹುದು.

ಕ್ಯೂಬಾದ ಕಾಪಾಬ್ಲಾಂಕ 1921ರಲ್ಲಿ ತಮ್ಮೂರು ಹವಾನಾದಲ್ಲೇ ಲಾಸ್ಕರ್ ಅವರನ್ನು ಮಣಿಸಿ ವಿಶ್ವ ಚಾಂಪಿಯನ್ ಆದರು. ಆ ಸರಣಿಯಲ್ಲಿ ಅವರು ಒಂದೇ ಒಂದು ಆಟ ಸೋಲಲಿಲ್ಲ. 1942ರಲ್ಲಿ ನ್ಯೂಯಾರ್ಕಿನ ಚೆಸ್ ಕ್ಲಬ್ಬಿನಲ್ಲಿ ಕುಸಿದು ಬಿದ್ದು, ಮರುದಿನ ತೀರಿಕೊಂಡರು. ಅವರ ಹೆಸರಿನ ಟೂರ್ನಿ ಶುರುವಾದದ್ದು 1962ರಲ್ಲಿ. ಅದರ ಬೆನ್ನಿಗೆ ನಿಂತವರು ಸ್ವತಃ ಚೆಸ್ ಹುಚ್ಚಿದ್ದ ಕ್ಯೂಬಾ ಕ್ರಾಂತಿಯ ನಾಯಕ ಚೆ ಗೆವಾರ.

ನನಗೆ ಎಲ್ಲಕ್ಕಿಂತ ಇಷ್ಟ 1965ರ ಟೂರ್ನಿ. ಅಮೆರಿಕದ ಬಾಬಿ ಫಿಷರ್‌ಗೆ ಆಗ 22 ವರ್ಷ. ಕ್ಯೂಬಾಕ್ಕೆ ಹೋಗಲು ಅವರ ಸರ್ಕಾರ ಬಿಡಲಿಲ್ಲ. ಆದರೂ ಆಡಿದರು! ಫಿಷರ್ ಕೂತದ್ದು ನ್ಯೂಯಾರ್ಕಿನ ಮಾರ್ಷಲ್ ಚೆಸ್ ಕ್ಲಬ್ಬಿನಲ್ಲಿ, ಎದುರಾಳಿಗಳಿದ್ದದ್ದು ಹವಾನಾದಲ್ಲಿ. ಅವರ ಒಂದೊಂದು ನಡೆಯೂ ತಂತಿ ಮೂಲಕ ಅಕ್ಷರ ಕಳಿಸುವ ಯಂತ್ರವಾದ ಟೆಲೆಕ್ಸ್‌ನಲ್ಲಿ ಹೋಗಬೇಕು. ಅಲ್ಲಿ ಕಾಪಾಬ್ಲಾಂಕ ಅವರ ಮಗನೇ ಫಿಷರ್ ಪರವಾಗಿ ಕಾಯಿ ನಡೆಸುತ್ತಿದ್ದರು. ಎದುರಾಳಿಯ ಉತ್ತರ ಮತ್ತೆ ಅದೇ ತಂತಿಯಲ್ಲಿ ವಾಪಸ್ ಬರಬೇಕು. ಬೇರೆಯವರು ಆಟ ಮುಗಿಸಿ ಎದ್ದು ಹೋದ ಮೇಲೂ ಫಿಷರ್ ಕಾಯುತ್ತಾ ಕೂತಿರಬೇಕಿತ್ತು. ಎದುರಾಳಿಯ ಮುಖ ನೋಡದೆ 21 ಸುತ್ತು ಹೀಗೆ ಆಡುವುದು ಸುಮ್ನೆ ಮಾತಲ್ಲ.

ಸೋವಿಯತ್ ಒಕ್ಕೂಟದ ಮಾಜಿ ವಿಶ್ವ ಚಾಂಪಿಯನ್ ಸ್ಮಿಸ್ಲೋವ್ ಅವರನ್ನು ಫಿಷರ್ ಸೋಲಿಸಿದರು. ಆದರೆ 15.5 ಅಂಕ ಪಡೆದು ಟೂರ್ನಿ ಗೆದ್ದದ್ದು ಸ್ಮಿಸ್ಲೋವ್ ಅವರೇ. ಫಿಷರ್, ಸೋವಿಯತ್ ಒಕ್ಕೂಟದ ಗೆಲ್ಲರ್, ಯುಗೊಸ್ಲಾವಿಯಾದ ಇವ್ಕೋವ್ ಮೂವರಿಗೂ ತಲಾ 15. ಇವ್ಕೋವ್ ಅವರ ಪಾಡು ನೆನೆದರೆ ಈಗಲೂ ಅಯ್ಯೋ ಅನ್ನಿಸುತ್ತದೆ. ಕೊನೆಗೆ ಎರಡು ಸುತ್ತು ಇದ್ದಾಗ ಅವರೇ ಮುಂದಿದ್ದರು. ಕ್ಯೂಬಾದ ಗಾರ್ಸಿಯಾ ಎದುರು ಗೆಲ್ಲುವ ಆಟವೂ ಕೈಯಲ್ಲಿತ್ತು. ಅವಸರದಲ್ಲಿ ಒಂದು ಸೈನಿಕನನ್ನು ಮುಂದೆ ತಳ್ಳಿದರು. ಗಾರ್ಸಿಯಾ ಒಂಟೆಯನ್ನು ಒಂದು ಮನೆ ಸರಿಸಿದರು, ಅಷ್ಟಕ್ಕೇ ಆಟ ಹೋಯಿತು, ಅದರೊಂದಿಗೆ ಟೂರ್ನಿಯೂ ಕೈತಪ್ಪಿತು.

ಇಂಥವನ್ನು ಓದಿದ ಹುಡುಗ ಹುಡುಗಿಯರು ಬೋರ್ಡ್ ಮುಂದೆ ಇನ್ನಷ್ಟು ಆಸೆಯಿಂದ ಕೂರುತ್ತಾರೆ ಅಲ್ವಾ? ಇಂಗ್ಲಿಷ್‌ನಲ್ಲಿ ಇದೆಲ್ಲ ಬೇಕಾದಷ್ಟು ಸಿಗುತ್ತದೆ, ಕನ್ನಡದಲ್ಲಿ ತೀರಾ ಕಡಿಮೆ. ತಾಲ್ಲೂಕು ಊರುಗಳಲ್ಲಿ ಕನ್ನಡ ಶಾಲೆಗೆ ಹೋಗುತ್ತಾ ಚೆಸ್ ಕಲಿಯುವ ಮಕ್ಕಳಿಗೆ ಪತ್ರಿಕೆಯೇ ದಾರಿ. ಅರ್ಧ ಕಾಲಂ ಸಾಕು. ಕತೆ, ಆಟದ ಒಂದು ಚಿತ್ರ, ಮುಖ್ಯವಾದ ನಾಲ್ಕೈದು ನಡೆ, ಇಷ್ಟಿರಲಿ. 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ತೇಜಕುಮಾರ್ ಅವರಂಥವರನ್ನು ಕೇಳಿ ವಿವರಣೆ ಬರೆಸಿದರೆ ಇನ್ನೂ ಚೆನ್ನ. ದಯವಿಟ್ಟು ಯೋಚಿಸಿ.

ಇಂತಿ,
ಒಬ್ಬ ಚೆಸ್ ಪ್ರೇಮಿ, ಶಿವಮೊಗ್ಗ