ಏಳು ದಿನದ ಗಡುವು

ಪ್ರೀತಿಯ ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಮಕ್ಕಳ ಬಟ್ಟೆಯ ಹೆಸರು ತಮ್ಮ ಶಾಲೆಯ ಚೀಲದ ಹೆಸರನ್ನು ಹೋಲುತ್ತದೆ ಎಂದು ಆ ಚೀಲದವರು ವಕೀಲರಿಂದ ಏಳು ದಿನದ ಗಡುವಿನ ನೋಟಿಸ್ ಕಳಿಸಿದ್ದು, ನಿನ್ನ ಪತ್ರದ ಉಳಿದ ಸಂಗತಿಗಳು, ಎಲ್ಲ ಅಣ್ಣನಿಂದ ಮೊದಲೇ ಗೊತ್ತಾಗಿದ್ದವು. ಗೊತ್ತಿಲ್ಲದೇ ಇದ್ದದ್ದು ಕೊನೆಯಲ್ಲಿ ನೀನು ಬರೆದ ಆ ಒಂದು ಸಾಲು: "ನೋಟಿಸಿನಲ್ಲಿ ಜೈಲು ಎಂದಿದೆ ಅತ್ತೆ, ಅವರು ಕೇಳಿದ ಮುಚ್ಚಳಿಕೆಗೆ ಸಹಿ ಹಾಕಿ ಕಳಿಸಿಬಿಡುತ್ತೇನೆ." ಅದನ್ನು ಓದಿದಾಗಿನಿಂದ ನನಗೆ ಯಾವ ಕೆಲಸವೂ ಹತ್ತುತ್ತಿಲ್ಲ. ಎರಡು ದಿನ ತಡೆದುಕೋ ಎಂದು ಫೋನಿನಲ್ಲಿ ಹೇಳಿದೆ, ನೀನು ಹೂಂ ಎಂದೆ. ಆ ಹೂಂ ಮೇಲೆ ನನಗೆ ಅಷ್ಟೇನೂ ನಂಬಿಕೆ ಇಲ್ಲದ್ದರಿಂದ ಬರೆಯುತ್ತಿದ್ದೇನೆ.

ಆ ಏಳು ದಿನದ ಗಡುವನ್ನು ಯಾರು ಇಡುತ್ತಾರೆ ಗೊತ್ತೇ? ವಕೀಲರ ಕಚೇರಿಯಲ್ಲಿ ಬೆರಳಚ್ಚು ಮಾಡುತ್ತಿದ್ದ ಕಾಲದಲ್ಲಿ ನಾನೇ ಇಡುತ್ತಿದ್ದೆ. ಹಳೆಯ ಕಡತದ ನೋಟಿಸನ್ನು ಪಕ್ಕದಲ್ಲಿ ಇಟ್ಟುಕೊಂಡು, ಹಾಳೆಗಳ ನಡುವೆ ಕಾರ್ಬನ್ ಸೇರಿಸಿ, ಹೆಸರು ವಿಳಾಸ ಬದಲಾಯಿಸಿ ಬಡಿಯುವುದು. ಹಳೆಯದರಲ್ಲಿ ಏಳು ದಿನವಿದ್ದರೆ ಹೊಸದರಲ್ಲೂ ಏಳು, ಹದಿನೈದಿದ್ದರೆ ಹದಿನೈದು. ಸಾಹೇಬರು ಅದರ ಮೇಲೆ ಕಣ್ಣಾಡಿಸಿದ್ದನ್ನು ನಾನು ಕಂಡಿಲ್ಲ. "ಸಿವಿಲ್ ಹಾಗೂ ಕ್ರಿಮಿನಲ್ ಕ್ರಮ ಜರುಗಿಸಲಾಗುವುದು" ಎಂಬ ಸಾಲೂ ಹಾಗೆಯೇ, ಒಂದು ಕಡತದಿಂದ ಇನ್ನೊಂದಕ್ಕೆ ನಡೆದುಬಂದದ್ದು. ಕೋರ್ಟಿನಿಂದ ಸಮನ್ಸ್ ಬಂದರೆ ಅದರ ದಿನಾಂಕ ತಪ್ಪಿಸುವಂತಿಲ್ಲ. ಇದು ಸಮನ್ಸ್ ಅಲ್ಲ, ಎದುರು ಪಕ್ಷದವರು ದುಡ್ಡು ಕೊಟ್ಟು ಬರೆಸಿದ ಪತ್ರ. ಹಾಗೆಂದು ಮೂಲೆಗೆ ಎಸೆಯಬೇಡ, ಅದೂ ತಪ್ಪೇ. ಉತ್ತರ ಹೋಗಬೇಕು. ಆದರೆ ಉತ್ತರವೆಂದರೆ ಸಹಿಯಲ್ಲ.

ಜೈಲಿನ ಮಾತು ಪೂರ್ತಿ ಸುಳ್ಳು ಎಂದೂ ನಾನು ಹೇಳಲಾರೆ. ಸರಕಿನ ಹೆಸರು, ಗುರುತುಗಳ ಹಕ್ಕನ್ನು ಕಾಯುವ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಕಲಂ 103ರಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಶಿಕ್ಷೆ ಇದೆ, ದಂಡವೂ ಇದೆ. ಅದು ಬೇರೆಯವರ ಗುರುತನ್ನು ತನ್ನ ಸರಕಿಗೆ ಅಂಟಿಸಿ ಮಾರುವ ನಕಲಿಕೋರರಿಗೆ. ವಂಚಿಸುವ ಉದ್ದೇಶ ಇರಲಿಲ್ಲ ಎಂದು ತೋರಿಸಿಕೊಟ್ಟವರಿಗೆ ಆ ಕಲಮೇ ವಿನಾಯಿತಿ ಕೊಡುತ್ತದೆ. ಪೊಲೀಸರು ಸರಕು ಜಪ್ತಿ ಮಾಡಬೇಕೆಂದರೂ ಡಿವೈಎಸ್ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿಯೇ ಬರಬೇಕು, ಅದಕ್ಕೂ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರರ ಅಭಿಪ್ರಾಯ ಪಡೆದಿರಬೇಕು. ನಾಳೆ ಬೆಳಿಗ್ಗೆ ಯಾರೋ ಬಾಗಿಲು ತಟ್ಟುತ್ತಾರೆ ಎಂದು ನಿದ್ದೆಗೆಡಬೇಡ.

ನನ್ನ ನಿದ್ದೆ ಕೆಡಿಸುತ್ತಿರುವುದು ಆ ಮುಚ್ಚಳಿಕೆ. ಅದರಲ್ಲಿ ಏನೇನು ಇರುತ್ತದೆ ಎಂದು ನೀನು ಬರೆಯದಿದ್ದರೂ ನನಗೆ ಬಾಯಿಪಾಠ: ಆ ಹೆಸರು ನಿಮ್ಮದೇ ಎಂದು ಒಪ್ಪುತ್ತೇನೆ, ಈವರೆಗೆ ನಾನು ಮಾಡಿದ್ದು ಉಲ್ಲಂಘನೆ ಎಂದು ಒಪ್ಪುತ್ತೇನೆ, ನನ್ನ ಟ್ರೇಡ್‌ಮಾರ್ಕ್ ನೋಂದಣಿಯ ಅರ್ಜಿ ಹಿಂದಕ್ಕೆ ಪಡೆಯುತ್ತೇನೆ, ಇದನ್ನಾಗಲಿ ಇದನ್ನು ಹೋಲುವುದನ್ನಾಗಲಿ ಯಾವ ಸರಕಿಗೂ ಮುಂದೆಂದೂ ಬಳಸುವುದಿಲ್ಲ. ಎಷ್ಟು ಜನ ಅದಕ್ಕೆ ಸಹಿ ಹಾಕಿ ಹಗುರಾದವರಂತೆ ಮೆಟ್ಟಿಲಿಳಿದು ಹೋದರು!

ಒಬ್ಬರು ಮಾತ್ರ ಮನಸ್ಸಿನಿಂದ ಇಳಿದಿಲ್ಲ. ಗಡುವಿನ ಕೊನೆಯ ದಿನ ಸಂಜೆ ಬಂದರು. ಬಟ್ಟೆ ಚೀಲದಿಂದ ಹಳೆಯ ಬಿಲ್ ಪುಸ್ತಕವೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು, ತೋರಿಸಲೆಂದು ತಂದಿದ್ದರೋ ಏನೋ. ಯಾರೂ ಕೇಳಲಿಲ್ಲ. ರಟ್ಟು ಕಿತ್ತುಹೋಗಿತ್ತು, ಮೇಲಿನ ಬಿಲ್ಲಿನ ದಿನಾಂಕ ನನಗೆ ಕಾಣುತ್ತಿತ್ತು. ನಮ್ಮ ಕಕ್ಷಿದಾರರು ಆ ಹೆಸರು ಬಳಸಲು ಶುರು ಮಾಡಿದ್ದೇವೆ ಎಂದು ನಾನೇ ನೋಟಿಸಿನಲ್ಲಿ ಬಡಿದಿದ್ದ ವರ್ಷಕ್ಕಿಂತ ಅದು ಹಿಂದಿನದು. ಮೊದಲಿನಿಂದ ಬಿಡದೆ ಬಳಸುತ್ತ ಬಂದವನನ್ನು ಆಮೇಲೆ ಬಂದವನು ತಡೆಯುವಂತಿಲ್ಲ ಎಂಬುದು ಆಗಿನ ಕಾಯ್ದೆಯಲ್ಲೂ ಇತ್ತು, ಈಗಿನದರ ಕಲಂ 34ರಲ್ಲೂ ಇದೆ. ನಾನು ಬಾಯಿ ಬಿಡುವಂತಿರಲಿಲ್ಲ, ಕೂಳು ಕೊಡುತ್ತಿದ್ದವರು ಈ ಕಡೆಯವರು. ಆ ಬಿಲ್ ಪುಸ್ತಕದವರು ನನ್ನಿಂದಲೇ ಪೆನ್ನು ಕೇಳಿ ಪಡೆದು ಸಹಿ ಹಾಕಿದರು. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, "ಬರುತ್ತೇನಮ್ಮಾ" ಎಂದು ಹೋದರು. ಕೆಲಸ ಬಿಟ್ಟು ಇಷ್ಟು ಕಾಲವಾದರೂ ಆ ಪೆನ್ನು ಕೊಟ್ಟ ಕೈ ನನ್ನದು ಎಂಬುದು ಚುಚ್ಚುತ್ತದೆ.

ಆದ್ದರಿಂದ ಕೇಳುತ್ತೇನೆ, ನಿನ್ನ ಮೊದಲ ಬಿಲ್ ಎಲ್ಲಿದೆ? ಮೊದಲ ಚೀಟಿ ಅಚ್ಚು ಹಾಕಿಸಿದ ಪ್ರೆಸ್ಸಿನ ರಸೀದಿ? ಮೊದಲು ಅವನ್ನು ಹುಡುಕು. ಅವರು ಯಾವಾಗಿನಿಂದ ಬಳಸುತ್ತಿದ್ದೇವೆ ಎನ್ನುತ್ತಾರೆ, ನೋಂದಣಿ ಆಗಿದೆಯೋ ಅಥವಾ ಬರೀ ಅರ್ಜಿ ಹಾಕಿದ್ದಾರೋ, ಯಾವ ವರ್ಗದ ಸರಕಿಗೆ, ಇವೆಲ್ಲ ಟ್ರೇಡ್‌ಮಾರ್ಕ್ ನೋಂದಣಿಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅವರದು ಶಾಲೆಯ ಚೀಲ, ನಿನ್ನದು ಮಕ್ಕಳ ಬಟ್ಟೆ. ನಮ್ಮ ಹಾಲಿನ ನಂದಿನಿಯ ಮೊಕದ್ದಮೆ ಕೇಳಿದ್ದೀಯಲ್ಲ? ಹಾಲು ಮಹಾಮಂಡಳ ಆ ಹೆಸರನ್ನು 1985ರಿಂದ ಬಳಸುತ್ತಿತ್ತು, ನಂಧಿನಿ ಡೀಲಕ್ಸ್ ಹೋಟೆಲಿನವರು 1989ರಿಂದ. ಹೈಕೋರ್ಟಿನಲ್ಲೂ ಹೋಟೆಲಿನವರು ಸೋತಿದ್ದರು. 2018ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ಹೇಳಿತು, ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಬೇಡ ಎಂದು. ಇದನ್ನೋದಿ ಎದೆಯುಬ್ಬಿಸಿಕೊಳ್ಳಬೇಡ, ಆ ಚೀಲದವರ ಹೆಸರು ಊರಿಗೆಲ್ಲ ಪ್ರಸಿದ್ಧವಾಗಿದ್ದರೆ ಬೇರೆ ಸರಕಿಗೂ ಅವರ ಹಕ್ಕು ಚಾಚಿಕೊಳ್ಳುತ್ತದೆ. ಆದರೆ ಹೆಸರು ಹೋಲುತ್ತದೆ ಎಂದ ಮಾತ್ರಕ್ಕೆ ಎಲ್ಲವೂ ಮುಗಿದುಹೋಯಿತು ಎಂದು ಯಾರು ಹೇಳಿದರು ನಿನಗೆ?

ಕಂಪನಿಯ ಹೆಸರಿಗೆ ಸರ್ಕಾರವೇ ಒಪ್ಪಿಗೆ ಕೊಟ್ಟಿದೆ ಎಂದು ಬರೆದಿದ್ದೀಯ. ಉತ್ತರದಲ್ಲಿ ಅದನ್ನೇ ದೊಡ್ಡದು ಮಾಡಬೇಡ. ಕಂಪನಿ ರಿಜಿಸ್ಟ್ರಾರರು ಕೊಡುವುದು ಕಂಪನಿಗೆ ಆ ಹೆಸರಿಡಲು ಒಪ್ಪಿಗೆ, ಅದರಿಂದ ಟ್ರೇಡ್‌ಮಾರ್ಕ್ ಹಕ್ಕು ಬರುವುದಿಲ್ಲ. ನೋಂದಾಯಿತ ಟ್ರೇಡ್‌ಮಾರ್ಕ್ ಇದ್ದವರು 3 ವರ್ಷದೊಳಗೆ ಅರ್ಜಿ ಹಾಕಿ ಕಂಪನಿಯ ಹೆಸರನ್ನೇ ಬದಲಾಯಿಸುವಂತೆ ಆದೇಶ ತರಬಹುದು. ಮತ್ತೆ, ನೀನು ಕಳಿಸಿದ ಅಂಗಿಯ ಚೀಟಿಯಲ್ಲಿ ವೃತ್ತದೊಳಗೆ ಆರ್ ಅಕ್ಷರ ನೋಡಿದೆ, ಅದು ನೋಂದಣಿಯಾಗಿದೆ ಎಂದು ಹೇಳುವ ಗುರುತು. ಅರ್ಜಿ ಇನ್ನೂ ನೋಂದಣಿಯಾಗಿಲ್ಲ ತಾನೇ? ಹಾಗಿದ್ದರೆ ಅದನ್ನು ಹಾಕುವುದೇ ಕಾಯ್ದೆಗೆ ವಿರುದ್ಧ, ಟಿಎಂ ಎಂದಷ್ಟೇ ಹಾಕು.

ಬೆರಳಚ್ಚಿನವಳು ವಕೀಲಿಕೆ ಮಾಡುತ್ತಿದ್ದಾಳೆ ಎಂದು ನಗಬೇಡ. ಈ ವಿಷಯದಲ್ಲೇ ಕೆಲಸ ಮಾಡುವ ವಕೀಲರೊಬ್ಬರಿಗೆ ನೋಟಿಸ್ ತೋರಿಸು. ಏಕಪಕ್ಷೀಯವಾಗಿ ತಡೆಯಾಜ್ಞೆ ತಂದಾರು ಎಂಬ ಭಯವಿದ್ದರೆ ಕೇವಿಯಟ್, ಅಂದರೆ ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮೊದಲೇ ಕೊಡುವ ಅರ್ಜಿ, ಹಾಕುವ ಬಗ್ಗೆ ಕೇಳು, ಅದು 90 ದಿನ ನಿಲ್ಲುತ್ತದೆ. ಆಧಾರವಿಲ್ಲದೆ ಬೆದರಿಸಿದವರ ಮೇಲೆಯೇ ದಾವೆ ಹೂಡಲು ಟ್ರೇಡ್‌ಮಾರ್ಕ್ ಕಾಯ್ದೆಯ ಕಲಂ 142 ಇದೆ, ಅದು ನಿನಗೆ ಹೊಂದುತ್ತದೆಯೋ ಇಲ್ಲವೋ ಅವರೇ ಹೇಳಲಿ. ಕೊನೆಗೆ ಹೆಸರು ಬಿಡಲೇಬೇಕಾದೀತು. ಬಿಡಬೇಕಾದರೂ ಇರುವ ಸರಕು ಮಾರಿ ಮುಗಿಸಲು ಕಾಲಾವಕಾಶ ಕೇಳಿ, ತಪ್ಪೊಪ್ಪಿಗೆಯ ಸಾಲುಗಳನ್ನು ಹೊಡೆಸಿ ಬಿಡಬಹುದು. ನಡುಗುವ ಕೈಯಲ್ಲಿ ಸಹಿ ಹಾಕುವುದಕ್ಕೂ ಇದಕ್ಕೂ ಎಷ್ಟು ಅಂತರ!

ಇನ್ನೊಂದು. ನೋಟಿಸ್ ಬಂದಿರುವುದು ಕಂಪನಿಗೋ ನಿನ್ನ ಹೆಸರಿಗೋ? ಕಂಪನಿಯದೇ ಬೇರೆ ಅಸ್ತಿತ್ವ. ಮುಚ್ಚಳಿಕೆ "ನಾನು" ಎಂದು ಶುರುವಾಗಿದ್ದರೆ ನಾಳೆ ನೀನು ಈ ಕಂಪನಿ ಬಿಟ್ಟರೂ ಅದು ನಿನ್ನ ಬೆನ್ನು ಬಿಡುವುದಿಲ್ಲ. ನಿನ್ನ ಜೊತೆಯ ಇನ್ನೊಬ್ಬ ಡೈರೆಕ್ಟರ್ ಇದಕ್ಕೆ ಏನೆನ್ನುತ್ತಾನೆ ಎಂದು ನೀನು ಒಂದಕ್ಷರವೂ ಬರೆದಿಲ್ಲ. ಅವನಿಗೆ ನೋಟಿಸ್ ತೋರಿಸಿದ್ದೀಯೋ ಇಲ್ಲವೋ, ಇಂದೇ ತಿಳಿಸು.

ಇಂತಿ,
ನಿನ್ನ ಅತ್ತೆ