ಆಣೆಯ ಲೆಕ್ಕದಲ್ಲಿ ನೋವು ಕೇಳಿದವರಿಗೆ

ಬರುವ ಸೋಮವಾರಕ್ಕೆ ನಮ್ಮ ತಂದೆಯವರು ಲಿಂಗೈಕ್ಯರಾಗಿ ಒಂದು ವರ್ಷ. ದಾವಣಗೆರೆಯ ನಮ್ಮ ಮನೆಯಲ್ಲಿ ಶಿವಗಣಾರಾಧನೆಯ ಸಿದ್ಧತೆ ನಡೆದಿದೆ. ಕರೆಯೋಲೆಯಲ್ಲಿ ಬಂಧುಗಳ ಹೆಸರುಗಳೆಲ್ಲ ಬಂದಿವೆ, ಅಪ್ಪನ ಕೊನೆಯ 73 ದಿನಗಳನ್ನು ಹೊತ್ತ ಆರೈಕೆಯ ಮನೆಯ ಸಿಸ್ಟರ್‌ಗಳ ಹೆಸರು ಮಾತ್ರ ಇಲ್ಲ. ಹಾಕಲು ಅನುಮತಿ ಕೇಳಿಕೊಂಡು ಹೋಗಿದ್ದೆ. ಹಿರಿಯ ಸಿಸ್ಟರ್ ಒಪ್ಪಲಿಲ್ಲ. "ನಮ್ಮ ಹೆಸರು ಬೇಡ, ಮನೆಯ ಹೆಸರೂ ಬೇಡ. ಬರೆಯಲೇಬೇಕು ಅನ್ನಿಸಿದರೆ ನೋವಿನ ಮಾತ್ರೆಯ ಬಗ್ಗೆ ಬರೆಯಿರಿ. ಯಾರಿಗಾದರೂ ಉಪಯೋಗಕ್ಕೆ ಬಂದೀತು" ಎಂದರು. ಆ ಮಾತಿಗೆ ಕಟ್ಟುಬಿದ್ದು ಹೆಸರುಗಳನ್ನು ಬಿಟ್ಟು ಬರೆಯುತ್ತಿದ್ದೇನೆ.

ಅಪ್ಪ ಮಿಲ್ಲಿನಲ್ಲಿದ್ದವರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಈ ಊರನ್ನು ಕರೆಯುತ್ತಿದ್ದ ಕಾಲದಲ್ಲಿ ನೂಲಿನ ಯಂತ್ರಗಳ ನಡುವೆ ನಿಂತವರು. ಹತ್ತಿಯ ಪಕ್ಕದಲ್ಲಿ ಬೀಡಿ ಹಚ್ಚುವಂತಿರಲಿಲ್ಲ, ಹಾಗಾಗಿ ಹೊಗೆಸೊಪ್ಪು ಬಾಯಿಗೆ ಬಂತು ಎಂದು ಅವರೇ ಹೇಳುತ್ತಿದ್ದರು. ಮಿಲ್ಲು ಮುಚ್ಚಿತು, ಹೊಗೆಸೊಪ್ಪು ಉಳಿಯಿತು. ಕೆನ್ನೆಯ ಒಳಗೆ ಬಂದ ಹುಣ್ಣನ್ನು ಬಿಸಿ ಸಾರಿನದೆಂದು ಐದು ತಿಂಗಳು ಕಳೆದೆವು. ಆಮೇಲೆ ಶಸ್ತ್ರಚಿಕಿತ್ಸೆ, ಕರೆಂಟು ಎನ್ನುವ ವಿಕಿರಣ ಚಿಕಿತ್ಸೆ ಕೊಡಿಸುವುದು, ಮತ್ತೆ ಗಂಟು. ಕೊನೆಗೆ ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ "ಇನ್ನು ಮಾಡುವುದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ" ಎಂದರು. ಚೀಟಿಯಲ್ಲಿ ಬರೆದುಕೊಟ್ಟದ್ದು ಜ್ವರಕ್ಕೆ ನುಂಗುವಂಥ ಮಾತ್ರೆ. ರಾತ್ರಿಯಿಡೀ ಅಪ್ಪ ಗೋಡೆಗೆ ಹಣೆ ಒತ್ತಿ ಕುಳಿತಿರುತ್ತಿದ್ದರು. ಮಲಗಿದರೆ ನೋವು ಕಿವಿಗೆ ಏರುತ್ತಿತ್ತು. ಬಾಯಿ ತೆರೆಯಲಾಗದವರಿಗೆ ನರಳಲೂ ಆಗುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆಗ.

ಮಂಡಿಗೆ ಮೆಕ್ಕೆಜೋಳ ತರುತ್ತಿದ್ದ ರೈತರೊಬ್ಬರು ತಮ್ಮ ಅಕ್ಕನನ್ನು ಅಲ್ಲಿಗೆ ಸೇರಿಸಿದ್ದರು. ಅವರು ಹೇಳಿದ್ದರಿಂದ ಹರಿಹರದ ದಾರಿಯಲ್ಲಿರುವ ಆ ಮನೆಯ ಬಾಗಿಲಿಗೆ ಹೋದೆವು. ಕ್ರೈಸ್ತ ಸನ್ಯಾಸಿನಿಯರು ನಡೆಸುವ ಆರೈಕೆಯ ಮನೆ. ವಾಸಿಯಾಗದವರಿಗಾಗಿಯೇ ಇರುವ ಹಾಸಿಗೆಗಳು.

ಮೊದಲ ದಿನವೇ ಹಿರಿಯ ಸಿಸ್ಟರ್ ಅಪ್ಪನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತರು. ಆಸ್ಪತ್ರೆಯ ಕಾಗದಗಳ ಕಟ್ಟನ್ನು ಕೊಡಲು ಹೋದರೆ ಆಮೇಲೆ ನೋಡುತ್ತೇನೆ ಎಂದು ಸನ್ನೆ ಮಾಡಿದರು. "ಯಜಮಾನರೇ, ಈಗ ನೋವು ಎಷ್ಟಿದೆ? ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ ಬರೆಯಿರಿ" ಎಂದು ಸ್ಲೇಟು ಕೊಟ್ಟರು. ಅಪ್ಪ ಬಹಳ ಹೊತ್ತು ಬಳಪ ಹಿಡಿದು ಕುಳಿತು "14 ಆಣೆ" ಎಂದು ಬರೆದರು. ಎರಡು ವರ್ಷಗಳಲ್ಲಿ ಎಷ್ಟೋ ವೈದ್ಯರನ್ನು ಕಂಡಿದ್ದೆವು. ನೋವು ಎಷ್ಟಿದೆ ಎಂದು ಅಪ್ಪನನ್ನೇ ಕೇಳಿದವರು ಇವರೊಬ್ಬರೇ. ಮಂಗಳೂರು ಕಡೆಯವರಾದ ಆ ಹಿರಿಯ ಸಿಸ್ಟರ್ ಅದನ್ನು ನೋಡಿ, "ಹದಿನಾರಕ್ಕೆ ಹದಿನಾಲ್ಕು. ಬಹಳವಾಯಿತು" ಎಂದು ಎದ್ದವರು ಚಾರ್ಟಿನಲ್ಲಿ ಒಂದು ಅಂಕಣಕ್ಕೆ ಗೆರೆ ಹಾಕಿ ಮೇಲೆ "ಆಣೆ" ಎಂದೇ ಬರೆದರು. ಅಂದಿನಿಂದ ಅಲ್ಲಿನ ಎಲ್ಲರೂ ಅಪ್ಪನನ್ನು ಆಣೆಯಲ್ಲಿಯೇ ಕೇಳಿದರು. ನಮ್ಮ ಮಾತಿನಲ್ಲಿ ಬೆಲೆ, ನಿಜ, ಸಂತೋಷ ಎಲ್ಲವೂ ಹದಿನಾರಾಣೆಯೇ ಅಲ್ಲವೆ. ಅಪ್ಪನ ನೋವಿಗೂ ಆ ಅಳತೆ ಸಿಕ್ಕಿತು.

ಈಗ ಮಾತ್ರೆಯ ವಿಷಯ. ಅದರ ಹೆಸರು ಮಾರ್ಫಿನ್. ಹೆಸರು ಕೇಳಿ ನನ್ನ ಕೈ ತಣ್ಣಗಾಗಿತ್ತು. ಅಫೀಮಿನಿಂದ ಬಂದದ್ದು, ಚಟ ಹಿಡಿಯುತ್ತದೆ, ಕೊಟ್ಟರೆ ಮನುಷ್ಯ ಬೇಗ ಹೋಗುತ್ತಾನೆ ಎಂದೆಲ್ಲ ಕೇಳಿದ್ದೆ. ವಾರಕ್ಕೆ ಎರಡು ಸಲ ಬರುವ ವೈದ್ಯರು ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ನೋವಿಗೆ ತಕ್ಕ ಪ್ರಮಾಣದಲ್ಲಿ, ನೋಡಿ ನೋಡಿ ಏರಿಸುತ್ತ ಕೊಟ್ಟರೆ ಅದು ಆಯುಸ್ಸನ್ನು ಕಡಿಮೆ ಮಾಡುವುದಿಲ್ಲ. ನೋವು ಬಂದ ಮೇಲೆ ಕೊಡುವುದಲ್ಲ, ಬರುವುದಕ್ಕೆ ಮೊದಲೇ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ರಾತ್ರಿಯದು ಎರಡು ಪಟ್ಟು, ನಡುರಾತ್ರಿ ಎಬ್ಬಿಸುವುದು ಬೇಡವೆಂದು. ಅದರಿಂದ ಮಲ ಕಟ್ಟುತ್ತದೆ, ಆದ್ದರಿಂದ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧವೂ ಜೊತೆಗಿರಬೇಕು. ಇದನ್ನು ಓದಿ ಯಾರೂ ತಾವಾಗಿ ಕೊಡಲು ಹೋಗಬೇಡಿ. ಆದರೆ ಕ್ಯಾನ್ಸರಿನವರು ಮನೆಯಲ್ಲಿದ್ದರೆ ವೈದ್ಯರ ಬಳಿ ಧೈರ್ಯವಾಗಿ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ ಕ್ಯಾನ್ಸರ್ ನೋವಿಗೆ ಮಾತ್ರೆಗಳ ಏಣಿಯನ್ನು, ಅಂದರೆ ನೋವು ಏರಿದಂತೆ ಮೆಟ್ಟಿಲು ಮೆಟ್ಟಿಲಾಗಿ ಬಲವಾದ ಔಷಧಕ್ಕೆ ಹೋಗುವ ಕ್ರಮವನ್ನು, ಬರೆದುಕೊಟ್ಟದ್ದು 1986ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1985ರಲ್ಲಿ, ನಮ್ಮ ದೇಶದ ಮಾದಕ ವಸ್ತುಗಳ ಕಾಯಿದೆ ಬಂದು, ಕಾಗದಪತ್ರಗಳ ಭಯಕ್ಕೆ ಎಷ್ಟೋ ಔಷಧಾಲಯಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವಂತೆ. 2014ರ ತಿದ್ದುಪಡಿಯಿಂದ ಮಾನ್ಯತೆ ಪಡೆದ ಸಂಸ್ಥೆಗಳಿಗೆ ದಾರಿ ಸುಲಭವಾಗಿದೆ. ಹೀಗಿದ್ದೂ ನನ್ನ ತಂದೆ ಜ್ವರದ ಮಾತ್ರೆಯ ಮೇಲೆ ಎರಡು ತಿಂಗಳು ಗೋಡೆಗೆ ಹಣೆ ಒತ್ತಿದರು. ಅದನ್ನು ನೆನೆದರೆ ಇಂದಿಗೂ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಾತ್ರೆಯನ್ನು ಪುಡಿ ಮಾಡಿ ಮೂಗಿನ ನಳಿಕೆಯಲ್ಲಿ ಕೊಟ್ಟರು. ಮೂರನೆಯ ದಿನ ಸ್ಲೇಟಿನಲ್ಲಿ "6 ಆಣೆ". ಅಂದು ಅಪ್ಪ ಕಾಲು ಚಾಚಿ ಮಲಗಿದರು. ಅವ್ವ ಮಂಚದ ಕಾಲು ಹಿಡಿದು ಕುಳಿತು ಅತ್ತಳು. ಗಂಡ ಮಲಗಿದ್ದನ್ನು ನೋಡಿ ಹೆಂಡತಿ ಅಳುವುದೆಂದರೆ ಏನೆಂದು ಆ ಮನೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ಬಂದು ಸಮಾಧಾನ ಹೇಳಲಿಲ್ಲ, ಅವಳ ಪಾಡಿಗೆ ಬಿಟ್ಟರು.

ಕೆನ್ನೆಯ ಗಾಯದ ವಾಸನೆಗೆ ನೆಂಟರು ಬರುವುದನ್ನೇ ಕಡಿಮೆ ಮಾಡಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಸ್ಟರ್‌ಗಳು ಗಾಯ ತೊಳೆದು ಮೆಟ್ರೊನಿಡಜೋಲ್ ಮಾತ್ರೆಯ ಪುಡಿ ಉದುರಿಸಿ ಕಟ್ಟುತ್ತಿದ್ದರು. ವಾರದೊಳಗೆ ವಾಸನೆ ಇಳಿಯಿತು, ಮೊಮ್ಮಗಳು ತಾತನ ಮಗ್ಗುಲಲ್ಲಿ ಕುಳಿತು ಲೆಕ್ಕ ಮಾಡಿದಳು. ಇಷ್ಟು ಅಗ್ಗದ ಮಾತ್ರೆ! ಮೊದಲೇ ಯಾರಾದರೂ ಹೇಳಿದ್ದರೆ ನಾವು ಮನೆಯಲ್ಲಿ ಊದುಬತ್ತಿಯ ಮೇಲೆ ಊದುಬತ್ತಿ ಹಚ್ಚಿ ಅಪ್ಪನಿಗೆ ಅವಮಾನ ಮಾಡುತ್ತಿರಲಿಲ್ಲ.

ಒಂದು ದಿನ ಅಪ್ಪ ಸ್ಲೇಟಿನಲ್ಲಿ "ನನ್ನ ಮುಂದೆ ತಿನ್ನಿ" ಎಂದು ಬರೆದರು. ಅವರಿಗೆ ನುಂಗಲಾಗದೆಂದು ನಾವು ಹೊರಗಿನ ಕಟ್ಟೆಯ ಮೇಲೆ ಕದ್ದು ತಿನ್ನುತ್ತಿದ್ದೆವು. ಹಿರಿಯ ಸಿಸ್ಟರ್ ಅದನ್ನು ಓದಿ, ಮರುದಿನ ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿ ಮಂಚದ ಸುತ್ತ ನಮ್ಮೆಲ್ಲರನ್ನೂ ಕೂರಿಸಿದರು. ತಾವೂ ಒಂದು ಮಿರ್ಚಿ ತೆಗೆದುಕೊಂಡರು. ಕಣ್ಣಲ್ಲಿ ನೀರು ಬಂತು, ಖಾರಕ್ಕೆ. ಅಪ್ಪ ನಕ್ಕರು. ಆ ಅರ್ಧ ಮುಖದ ನಗು ನನ್ನ ಬಳಿ ಫೋಟೋದಲ್ಲಿಲ್ಲ, ಕಣ್ಣಲ್ಲಿದೆ.

ಒಂದು ಮಾತನ್ನು ಇಲ್ಲಿ ಬಿಚ್ಚಿ ಹೇಳಬೇಕು. ನಾವು ಅಪ್ಪನನ್ನು ಅಲ್ಲಿಗೆ ಸೇರಿಸಿದಾಗ ನಮ್ಮ ಚಿಕ್ಕಮ್ಮ, "ಅವರ ಮತಕ್ಕೆ ಸೇರಿಸಿಕೊಳ್ಳುತ್ತಾರೆ" ಎಂದು ಹೆದರಿದ್ದರು. ಅವರ ಹೆದರಿಕೆ ಪ್ರೀತಿಯಿಂದ ಬಂದದ್ದೇ. ಆದದ್ದು ಇಷ್ಟು: ಅಪ್ಪನ ಕೊರಳಲ್ಲಿದ್ದ ಇಷ್ಟಲಿಂಗದ ಕರಡಿಗೆಯನ್ನು ಮೊದಲ ದಿನ ಸ್ನಾನಕ್ಕೆ ಬಿಚ್ಚಬೇಕಾಗಿ ಬಂದಾಗ ಸಿಸ್ಟರ್ ಮುಟ್ಟಲಿಲ್ಲ, ಅವ್ವನನ್ನು ಕರೆದರು. ಬೆಳಗಿನ ಪೂಜೆ ಎಷ್ಟು ಹೊತ್ತಿಗೆ ಎಂದು ಕೇಳಿ, ಗಾಯದ ಡ್ರೆಸ್ಸಿಂಗನ್ನು ಅದರ ನಂತರಕ್ಕೆ ಹಾಕಿದರು. ಕೈ ನಡುಗಿ ಅಂಗೈಯಲ್ಲಿ ಲಿಂಗ ನಿಲ್ಲದಾದಾಗ ರಾತ್ರಿಯ ಸಿಸ್ಟರ್ ಒಂದು ಸಣ್ಣ ದಿಂಬನ್ನು ಹೊಲಿದು ಅಪ್ಪನ ಎಡಗೈ ಕೆಳಗೆ ಇಟ್ಟರು. ಆ 73 ದಿನಗಳಲ್ಲಿ ಅಪ್ಪನ ಹಣೆಗೆ ವಿಭೂತಿ ತಪ್ಪಲಿಲ್ಲ. ಚಿಕ್ಕಮ್ಮ ಈಗ ತಿಂಗಳಿಗೊಮ್ಮೆ ಆ ಮನೆಗೆ ಹಳೆಯ ಹತ್ತಿ ಸೀರೆಗಳನ್ನು ಒಗೆದು ಮಡಚಿ ಕಳಿಸುತ್ತಾರೆ.

ನಾನು ದಲ್ಲಾಳಿ ಮಂಡಿಯಲ್ಲಿ 22 ವರ್ಷಗಳಿಂದ ಲೆಕ್ಕ ಬರೆಯುವವನು. ಎಲ್ಲಿಗೆ ಹೋದರೂ ಯಜಮಾನರು ಯಾರು ಎಂದು ನನ್ನ ಕಣ್ಣು ಹುಡುಕುತ್ತದೆ. ಅಲ್ಲಿ ಬಹಳ ದಿನ ತಿಳಿಯಲಿಲ್ಲ. ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಒಬ್ಬ ವಯಸ್ಸಾದ ಸಿಸ್ಟರ್ ಪ್ರತಿದಿನ ರೋಗಿಗಳ ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಅದ್ದಿ ಒಗೆಯುತ್ತಿದ್ದರು. ನಾನು ಬಕೆಟ್ಟು ಎತ್ತಿಕೊಡುತ್ತಿದ್ದೆ. ನಲವತ್ತನೆಯ ದಿನದ ಸುಮಾರಿಗೆ ಗೊತ್ತಾಯಿತು, ಹಿಂದಿನ ಅವಧಿಯಲ್ಲಿ ಆ ಮನೆಯ ಹಿರಿಯರಾಗಿದ್ದವರು ಅವರೇ. ಅವಧಿ ಮುಗಿಯಿತು, ಬೀಗದ ಕೈ ಗೊಂಚಲು ಕೊಟ್ಟರು, ಒಗೆಯುವ ಕೆಲಸ ಕೇಳಿ ಪಡೆದರು. ಈಗಿನ ಹಿರಿಯರು ದೊಡ್ಡ ತೀರ್ಮಾನವಿದ್ದರೆ ಆ ಕಲ್ಲಿನ ಹತ್ತಿರವೇ ಹೋಗಿ ನಿಂತು ಕೇಳಿಕೊಂಡು ಬರುತ್ತಿದ್ದರು. ಕುರ್ಚಿ ಬಿಟ್ಟವರು ಮಂಕಾಗುವುದನ್ನು ನೋಡಿದ್ದೇನೆ, ಊರು ಬಿಡುವುದನ್ನೂ ನೋಡಿದ್ದೇನೆ. ಇಂಥದ್ದನ್ನು ನೋಡಿರಲಿಲ್ಲ.

ಆ ಒಗೆಯುವ ಸಿಸ್ಟರ್ ಅವರನ್ನೇ ಒಂದು ಸಂಜೆ ಕೇಳಿದೆ, ಸಾಯುವವರ ಕೆಲಸವನ್ನೇ ಏಕೆ ಹಿಡಿದಿರಿ ಎಂದು. ಅವರು ಐರ್ಲೆಂಡಿನ ಮೇರಿ ಐಕೆನ್‌ಹೆಡ್ ಎಂಬ ತಾಯಿಯ ಕಥೆ ಹೇಳಿದರು. ತಮ್ಮದು ಬೇರೆ ಸಂಘ, ಆದರೂ ಈ ಕೆಲಸಕ್ಕೆ ಆಕೆಯೇ ಹಿರಿಯಳು ಎಂದರು. 1815ರಲ್ಲಿ ಡಬ್ಲಿನ್‌ನಲ್ಲಿ ಸಂಘ ಕಟ್ಟಿದ ಆಕೆಗೆ ಬೆನ್ನುಹುರಿಯ ರೋಗ ಬಂದು ಹಾಸಿಗೆ ಹಿಡಿಯಬೇಕಾಯಿತು. 1832ರ ಕಾಲರಾ ಕಾಲದಲ್ಲಿ ಮಲಗಿದ್ದಲ್ಲಿಂದಲೇ ತನ್ನ ಸಿಸ್ಟರ್‌ಗಳನ್ನು ರೋಗಿಗಳ ಕಡೆಗೆ ಕಳಿಸಿದಳು, 1834ರಲ್ಲಿ ಆಸ್ಪತ್ರೆ ಕಟ್ಟಿಸಿದಳು, 1858ರಲ್ಲಿ ತೀರಿಕೊಳ್ಳುವವರೆಗೆ ಹಾಗೆಯೇ ನಡೆಸಿದಳು. ಆಕೆ ಕೊನೆಯ ದಿನಗಳನ್ನು ಕಳೆದ ಮನೆಯೇ 1879ರಲ್ಲಿ ಸಾಯುವವರ ಆರೈಕೆಯ ಮನೆಯಾಯಿತು. ಅದೇ ಸಂಘದವರು 1905ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ ಇನ್ನೊಂದು ಮನೆ ತೆರೆದರು. 1958ರಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ ಅಲ್ಲಿಗೆ ಬಂದರು. ಸಿಸ್ಟರ್‌ಗಳ ಆರೈಕೆ ಅಲ್ಲಿ ಮೊದಲೇ ಇತ್ತು, ಮಾರ್ಫಿನನ್ನು ಗಡಿಯಾರ ನೋಡಿ ಕೊಡುವ ಕ್ರಮವನ್ನು ಅವರು ಸೇರಿಸಿದರು. ಮುಂದೆ 1967ರಲ್ಲಿ ಅವರು ತೆರೆದ ಸೇಂಟ್ ಕ್ರಿಸ್ಟಫರ್ಸ್‌ನಿಂದ ಈ ವಿದ್ಯೆ ಲೋಕವೆಲ್ಲ ಹರಡಿತು. ಭಾರತದ ಮೊದಲ ಮನೆ ಮುಂಬಯಿಯ ಶಾಂತಿ ಆವೇದನಾ ಸದನ, 1986ರಲ್ಲಿ. ಬೆಂಗಳೂರಿನಲ್ಲಿ ಕರುಣಾಶ್ರಯವಿದೆ. ನನ್ನ ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದ 6, 10, 2, 6, 10 ಎಂಬ ಅಂಕಿಗಳ ಹಿಂದೆ ಇಷ್ಟು ದೂರದ ದಾರಿ ಇತ್ತು. ಬಟ್ಟೆ ಹಿಂಡುತ್ತಲೇ ಅವರು ಇದನ್ನೆಲ್ಲ ಹೇಳಿದರು. ಹಾಸಿಗೆಯಲ್ಲಿ ಮಲಗಿ ನೋವು ತಿಂದವಳಿಗೆ ಮಾತ್ರ ಹಾಸಿಗೆ ಎಷ್ಟು ಒರಟು ಎಂದು ಗೊತ್ತಿರುತ್ತದೆ ಎನ್ನುತ್ತ ಒಂದು ಹೊದಿಕೆಯ ಮಡಿಕೆಯನ್ನು ಎಳೆದು ಸರಿಮಾಡಿದರು.

ನಮ್ಮ ಕಡೆ ಇದಕ್ಕೆ ದಾಸೋಹ ಎನ್ನುತ್ತೇವೆ. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು ಶತಮಾನ ದಾಟಿದ ವಯಸ್ಸಿನಲ್ಲಿಯೂ ಮಠದ ಮಕ್ಕಳ ಊಟ ವಿಚಾರಿಸುತ್ತಿದ್ದುದನ್ನು ನೆನೆದು ಅವ್ವ ಅಂದಳು, "ಇವರೂ ಅದೇ ಜಾತಿಯ ಜನ." ಜಾತಿ ಎಂಬ ಮಾತನ್ನು ಇಷ್ಟು ಚೆಂದವಾಗಿ ಬಳಸಿದ್ದನ್ನು ನಾನು ಕೇಳಿರಲಿಲ್ಲ.

ಹಣದ ವಿಷಯವನ್ನೂ ಹೇಳುತ್ತೇನೆ. ಅಲ್ಲಿ ಯಾರಿಂದಲೂ ಕೇಳಿ ಪಡೆಯುವುದಿಲ್ಲ. ನಾನು ಕೊಟ್ಟದ್ದಕ್ಕೆ ರಸೀದಿ ಕೈಗೆ ಬಂತು. ಅಡಿಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಆ ತಿಂಗಳ ಜಮಾ ಖರ್ಚು ಅಂಟಿಸಿರುತ್ತದೆ: ಅಕ್ಕಿ, ಗಾಯಕ್ಕೆ ಕಟ್ಟುವ ಬಟ್ಟೆ, ಜಗಳೂರು ಚನ್ನಗಿರಿ ಕಡೆಯ ಹಳ್ಳಿಗಳಿಗೆ ಹೋಗಿ ರೋಗಿಗಳನ್ನು ನೋಡುವ ಜೀಪಿನ ಡೀಸೆಲ್, ಬೆಂಕಿಪೊಟ್ಟಣದವರೆಗೆ. ರೋಗಿಯ ಮನೆಯವರು ದಿನವೂ ಹಾದುಹೋಗುವ ಜಾಗದಲ್ಲಿಯೇ ಹಾಕಿದ್ದಾರೆ. ಈಗ ಪ್ರತಿ ತಿಂಗಳ ಎರಡನೆಯ ಭಾನುವಾರ ಆ ಪುಸ್ತಕಗಳನ್ನು ತಾಳೆ ನೋಡಲು ನಾನು ಹೋಗುತ್ತೇನೆ. ನನ್ನಿಂದ ಆಗುವುದು ಅಷ್ಟು.

ರಾತ್ರಿಯ ಸಿಸ್ಟರ್‌ಗೆ ಒಂದು ಮಾತು. ನೀವು ಎರಡು ಗಂಟೆಗೊಮ್ಮೆ ಬಂದು ಅಪ್ಪನ ಮಗ್ಗುಲು ಬದಲಿಸುತ್ತಿದ್ದಿರಿ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬರುತ್ತಿದ್ದಿರಿ, ಸದ್ದಿಗೆ ಅವ್ವ ಏಳಬಾರದೆಂದು. ಅವ್ವ ಎಚ್ಚರವಾಗಿಯೇ ಇರುತ್ತಿದ್ದಳು. ನಿಮಗೆ ಬೇಸರವಾದೀತೆಂದು ನಿದ್ದೆ ಬಂದವಳಂತೆ ಇರುತ್ತಿದ್ದಳು. ಇದನ್ನು ನಿಮಗೆ ಹೇಳು ಎಂದು ಹೇಳಿದ್ದಾಳೆ. ಅಪ್ಪನ ಬೆನ್ನಿನ ಮೇಲೆ ಕೊನೆಯವರೆಗೂ ಒಂದು ಹುಣ್ಣು ಏಳಲಿಲ್ಲ. ಅಂತ್ಯಸಂಸ್ಕಾರಕ್ಕೆ ಸ್ನಾನ ಮಾಡಿಸಿದ ನಮ್ಮ ದೊಡ್ಡಪ್ಪ ಆ ಬೆನ್ನನ್ನು ನೋಡಿ ಸುಮ್ಮನೆ ಕೈಮುಗಿದರು. ಯಾರಿಗೆ ಮುಗಿದರೆಂದು ನಾವು ಕೇಳಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಅಪ್ಪ "2 ಆಣೆ" ಎಂದು ಬರೆದರು. ಅಕ್ಷರ ಸೊಟ್ಟಗಿತ್ತು. ಹಿರಿಯ ಸಿಸ್ಟರ್ ಓದಿ, ಚಾರ್ಟಿನಲ್ಲಿ ಬರೆದುಕೊಂಡು, ಹೋಗದೆ ಅಲ್ಲಿಯೇ ಕುಳಿತರು. ಮಧ್ಯಾಹ್ನದವರೆಗೂ ಎದ್ದು ಹೋಗಲಿಲ್ಲ. ಅವರನ್ನು ಕಾಣಲು ಯಾರೋ ಕಾರಿನಲ್ಲಿ ಬಂದು ಕಾದರು, ಕಾಯಲಿ ಎಂದರು. ಅಪ್ಪನ ಉಸಿರು ನಿಲ್ಲುವಾಗ ಅವ್ವನ ಒಂದು ಕೈ ಅಪ್ಪನ ಕೈಯಲ್ಲಿತ್ತು, ಇನ್ನೊಂದು ಅವರ ಕೈಯಲ್ಲಿ.

ಸೋಮವಾರ ಮನೆಯಲ್ಲಿ ಗೋಧಿ ಹುಗ್ಗಿ ಮಾಡುತ್ತೇವೆ. ಮೊದಲ ಪಾತ್ರೆ ಹರಿಹರದ ದಾರಿ ಹಿಡಿಯುತ್ತದೆ. ಎರಡು ಕೈ ಜೋಡಿಸಿ, ನಮ್ಮ ಮನೆಯವರೆಲ್ಲರ ಪರವಾಗಿ ನಿಮಗೆ ಶರಣು.

ಅಪ್ಪನ ಸ್ಲೇಟನ್ನು ನಾವು ಅಲ್ಲಿಯೇ ಬಿಟ್ಟು ಬಂದಿದ್ದೆವು. ಮೊನ್ನೆ ಲೆಕ್ಕ ನೋಡಲು ಹೋದಾಗ ಅದು ಜಗಳೂರು ಕಡೆಯ ಅಜ್ಜಿಯೊಬ್ಬರ ಮಂಚದ ಮೇಲಿತ್ತು. ಅವರಿಗೆ ಅಂಕಿ ಬರೆಯಲು ಬಾರದು, ನೋವು ಎಷ್ಟೋ ಅಷ್ಟು ಗೆರೆ ಎಳೆಯಲು ಸಿಸ್ಟರ್ ಹೇಳಿಕೊಟ್ಟಿದ್ದಾರೆ. ನಾನು ನೋಡಿದಾಗ ಐದು ಗೆರೆಗಳಿದ್ದವು. ಬೆಳಿಗ್ಗೆ ಹನ್ನೊಂದು ಇದ್ದವಂತೆ.