ಹಸಿವಾದದ್ದು ತಪ್ಪಲ್ಲ ಮಗಾ

ಉಡುಪಿ, ಭಾನುವಾರ

ಪ್ರೀತಿಯ ಮಗಾ,

ನಿನ್ನ ಕಾಗದ ಬಂತು. ದಿನಾ ವಾಟ್ಸಾಪ್‌ನಲ್ಲಿ ಮಾತಾಡುವವಳು ಕಾಗದ ಬರೆದಿದ್ದೀ ಅಂದ್ರೆ ಎಂತದೋ ಉಂಟು ಅಂತ ಕವರ್ ಒಡೆಯುವಾಗಲೇ ಅನಿಸಿತ್ತು. ಹಾಸ್ಟೆಲ್ ವಿಷಯ, ಅಮ್ಮನ ಮಂಡಿನೋವು ಎಲ್ಲ ಓದಿದೆ. ಆದರೆ ಎರಡನೇ ಪುಟದ ಕೆಳಗೆ ಬರೆದಿದ್ದೀ ನೋಡು, ಅದು ನನಗೆ ನಿದ್ದೆ ಬರಗೊಡಲಿಲ್ಲ. "ನಾನು ನೋಡಿಕೊಳ್ತಿದ್ದ ವಾರ್ಡಿನ ಅಜ್ಜ ತೀರಿಕೊಂಡ ಅರ್ಧ ಗಂಟೆಗೆ ನಾನು ಕ್ಯಾಂಟೀನಿಗೆ ಹೋಗಿ ಊಟ ಮಾಡಿದೆ. ಹಸಿವಾಗಿತ್ತು. ಅಳು ಬರಲೇ ಇಲ್ಲ. ನಾನು ಕಲ್ಲಾಗ್ತಾ ಇದ್ದೇನಾ ಮಾವ?"

ನಾನು ಆಯುಷ್ಯವಿಡೀ ಬ್ಯಾಂಕಿನಲ್ಲಿ ನೋಟು ಎಣಿಸಿದವ. ಇದಕ್ಕೆ ಉತ್ತರ ಕೊಡಬೇಕಾದವಳು ನಿನ್ನ ಹಾಗೇ ನರ್ಸ್ ಆಗಿದ್ದ ನನ್ನ ಅಕ್ಕ, ನಿನ್ನ ದೊಡ್ಡಮ್ಮ. ಅವಳಿಲ್ಲ. ಹಾಗಾಗಿ ಅವಳನ್ನೇ ನೆನಪು ಮಾಡಿಕೊಂಡು ಬರೀತಾ ಇದ್ದೇನೆ.

ಅವಳು ನರ್ಸಿಂಗಿಗೆ ಸೇರುವಾಗ ಮನೆಯಲ್ಲಿ ಆದ ರಾದ್ಧಾಂತ ನಿನಗೆ ಗೊತ್ತೇ ಉಂಟು. ಗೊತ್ತಿಲ್ಲದ್ದು ಸೂಜಿಯ ಕತೆ. ಅವಳಿದ್ದ ಮಂಗಳೂರಿನ ವೆನ್ಲಾಕ್ 1848ರಷ್ಟು ಹಳೆಯ ಆಸ್ಪತ್ರೆ. ಕಾಸರಗೋಡು, ಕೊಡಗು, ಚಿಕ್ಕಮಗಳೂರಿನಿಂದೆಲ್ಲ ಜನ ಬರುವ ಜಾಗ. ಅವಳು ಸೇರಿದ ಕಾಲದಲ್ಲಿ ಗಾಜಿನ ಸಿರಿಂಜು. ಸೂಜಿಯನ್ನೂ ಕುದಿಸಿ ಮತ್ತೆ ಬಳಸುವುದು. ಮೊಂಡಾದರೆ ಕಲ್ಲಿಗೆ ಉಜ್ಜಿ ಚೂಪು ಮಾಡುವುದು. ಆಮೇಲೆ ಆ ಸೂಜಿಯನ್ನು ಹತ್ತಿಯೊಳಗೆ ಎಳೆದು ನೋಡಬೇಕು. ಒಂದು ಎಳೆ ಸಿಕ್ಕಿಕೊಂಡರೂ ತುದಿ ಬಾಗಿದೆ ಅಂತ ಅರ್ಥ, ಪುನಃ ಉಜ್ಜಬೇಕು. ಎಷ್ಟೇ ಹೊತ್ತಾದರೂ ಅವಳು ಇದನ್ನು ಬಿಡುತ್ತಿರಲಿಲ್ಲ. ಯಾರು ಸತ್ತರು, ತಾನು ಅತ್ತೆನಾ ಇಲ್ವಾ, ಅದನ್ನೆಲ್ಲ ಅವಳ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಸೂಜಿ ವಿಷಯ ಬಂದರೆ ಮಾತ್ರ ನಿಲ್ಲಿಸುತ್ತಲೇ ಇರಲಿಲ್ಲ.

ಹಾಗಂತ ಅವಳು ತಣ್ಣಗಿನ ಹೆಂಗಸೇನೂ ಅಲ್ಲ ಮಾರಾಯ್ತಿ. ವಾರ್ಡಿನ ಬಾಗಿಲಲ್ಲಿ ಬೀಡಿ ಹಚ್ಚಿದವರು ಅವಳ ಬಾಯಿಗೆ ಹೆದರಿ ಓಡುತ್ತಿದ್ದರು.

2010ರ ಮೇ 22 ನೆನಪುಂಟಾ? ನೀನು ಆಗ ಸಣ್ಣವಳು. ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕೆಳಗೆ ಬಿದ್ದ ದಿನ. 158 ಮಂದಿ ಹೋದರು, ಉಳಿದದ್ದು 8 ಮಂದಿ. ಹೆಣಗಳನ್ನು ವೆನ್ಲಾಕ್‌ಗೆ ತಂದಿದ್ದರು. ಗುರುತು ಹಿಡಿಯಲಿಕ್ಕೆ ಬಂದ ಹೆಂಗಸರ ಪಕ್ಕ ನಿಂತು, ನೀರು ಕುಡಿಸಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುವ ಕೆಲಸ ಅವಳಿಗೆ ಬಂತು. ರಾತ್ರಿ ನಮ್ಮ ಮನೆಗೆ ಬಂದಳು. ಮಿಂದು ಬಂದು ಗಂಜಿ ಕೇಳಿದಳು. ಎರಡು ಸಲ ಬಡಿಸಿಕೊಂಡಳು, ಉಪ್ಪಿನಕಾಯಿಯ ಮಿಡಿಯನ್ನು ಚೀಪಿ ಚೀಪಿ ತಿಂದಳು. ನಿನ್ನ ಅತ್ತೆ ನನ್ನ ಮುಖ ನೋಡಿದಳು. ನಾವು ಟಿವಿ ನೋಡಿಯೇ ಊಟ ಬಿಟ್ಟು ಕೂತಿದ್ದೆವು!

ಅದಾಗಿ ಎಷ್ಟೋ ವಾರದ ಮೇಲೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಾವಿಬ್ಬರೂ ಉಡುಪಿ ಬಸ್ಸಿಗೆ ಕಾಯ್ತಾ ಇದ್ದೆವು. ಗಲ್ಫಿನಿಂದ ಬಂದವನೊಬ್ಬ ಸೂಟ್‌ಕೇಸ್ ಇಳಿಸಿದ. ಸುತ್ತಲೂ ನೀಲಿ ಹಗ್ಗ, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು, ಊರು. ಅಕ್ಕ ಅದನ್ನು ಓದಿದಳು, ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತಳು. ಎರಡು ಬಸ್ಸು ಹೋಯಿತು.

ಅಳು ಯಾವಾಗ ಬರಬೇಕು ಅಂತ ನಾವು ಡ್ಯೂಟಿ ಹಾಕಲಿಕ್ಕೆ ಆಗುವುದಿಲ್ಲ, ಅಲ್ವಾ? ಮೇ 12ರ ನರ್ಸುಗಳ ದಿನಕ್ಕೆ ಗುಲಾಬಿ ಕೊಟ್ಟು ದೇವತೆ ಅನ್ನುವವರೇ ಮರುದಿನ ಅಷ್ಟು ದೊಡ್ಡ ವಾರ್ಡಿಗೆ ನೈಟ್ ಡ್ಯೂಟಿಗೆ ಒಬ್ಬಳನ್ನೇ ಹಾಕುತ್ತಾರೆ. ದೇವತೆಗೆ ಹಸಿವಾಗುವುದಿಲ್ಲ ಅಂತ ಲೆಕ್ಕವೋ ಏನೋ. ಆ ಮಾತನ್ನು ನೀನೂ ನಂಬಿಬಿಟ್ಟಿದ್ದೀಯಾ ಅಂತ ನನಗೆ ಸಂಶಯ.

ನನಗೆ ಹೆದರಿಕೆ ಆದದ್ದು ನೀನು ಕಲ್ಲಾಗ್ತೀ ಅಂತ ಅಲ್ಲ. ಅಕ್ಕ ನಿವೃತ್ತಿಯಾದ ಮೇಲೂ ನಡುರಾತ್ರಿ ಎದ್ದು ಜಗಲಿಯಲ್ಲಿ ಕೂರುತ್ತಿದ್ದಳು. ಯಾರ್ಯಾರ ಮುಖ ಬರುತ್ತಿತ್ತೋ. ನಿದ್ದೆ ಮಾತ್ರೆ ತಗೋ ಅಂತ ಹೇಳಿ ನಾನು ಮಲಗುತ್ತಿದ್ದೆ. ಒಂದು ಲೋಟ ಚಾ ಮಾಡಿ ಎದುರು ಕೂತು, ಎಂತ ಅಕ್ಕ ಅಂತ ಕೇಳಬಹುದಿತ್ತು. ನಿನ್ನ ಕಾಗದ ಓದಿದಾಗ ಆ ಜಗಲಿಯೇ ಕಣ್ಣಿಗೆ ಬಂತು.

ನಿನ್ನದೇ ಕಾಗದದಲ್ಲಿ ಇನ್ನೊಂದು ಸಾಲು ಉಂಟು, ನೀನು ಗಮನಿಸಿಲ್ಲ. ಅಜ್ಜನ ಬೆರಳು ಊದಿತ್ತು, ಸೋಪಿನ ನೀರು ಹಚ್ಚಿ ಮೆಲ್ಲ ಉಂಗುರ ತೆಗೆದು ಮಗನ ಕೈಗೆ ಕೊಟ್ಟೆ ಅಂತ. ಸತ್ತವರ ಬೆರಳಿಗೆ ನೋವಾಗುವುದಿಲ್ಲ. ಆದರೂ ಮೆಲ್ಲ ಅಂತ ಬರೆದಿದ್ದೀ. ರೋಗಿಯ ಹೆಸರು ಮರೆತು ಬೆಡ್ ನಂಬರ್ ಮಾತ್ರ ಹೇಳುವವರನ್ನು, ಪರದೆ ಎಳೆಯದೆ ಬಟ್ಟೆ ಬದಲಿಸುವವರನ್ನು ಕಂಡರೆ ದೊಡ್ಡಮ್ಮ ಸಿಟ್ಟಾಗುತ್ತಿದ್ದಳು. ಊಟ ಮಾಡಿದವರ ಮೇಲೆ ಸಿಟ್ಟಾದದ್ದು ನಾನು ನೋಡಿಲ್ಲ.

ಬುದ್ಧಿ ಹೇಳುವಷ್ಟು ನಾನು ದೊಡ್ಡವನಲ್ಲ. ಆದರೂ, ನೈಟ್ ಡ್ಯೂಟಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡ. ಅಜ್ಜನ ವಿಷಯ ನಿಮ್ಮ ವಾರ್ಡಿನ ಹಿರಿಯ ಸಿಸ್ಟರ್ ಯಾರಾದರೂ ಇದ್ದರೆ ಅವರ ಹತ್ತಿರ ಒಮ್ಮೆ ಹೇಳಿನೋಡು, ನನಗಿಂತ ಅವರಿಗೆ ಜಾಸ್ತಿ ಗೊತ್ತಿರ್ತದೆ. ನಿದ್ದೆಯೇ ಬಾರದೆ ಹೋದರೆ ಮುಚ್ಚಿಡಬೇಡ, ಡಾಕ್ಟರಿಗೆ ತೋರಿಸು. ಚಪ್ಪಲಿ ಒಳ್ಳೆಯದು ತಗೋ, ದುಡ್ಡು ಬೇಕಾದರೆ ಕಳಿಸ್ತೇನೆ. ಇದೆಲ್ಲ ನಿನಗೆ ಗೊತ್ತಿದ್ದದ್ದೇ, ಸುಮ್ನೆ ಬರೆದೆ.

ಮುಂದಿನ ಡೇ ಆಫ್ ಯಾವಾಗ ಅಂತ ತಿಳಿಸು. ಅಜ್ಜನ ಬಗ್ಗೆ ಹೇಳಬೇಕು ಅನಿಸಿದರೆ ಹೇಳು, ಇಲ್ಲದಿದ್ದರೆ ಬೇಡ. ಅತ್ತೆ ಬಂಗುಡೆ ಪುಳಿಮುಂಚಿ ಮಾಡ್ತಾಳಂತೆ. ಹಿಂದಿನ ದಿನವೇ ಫೋನ್ ಮಾಡು, ಮಲ್ಪೆಗೆ ಬೆಳಿಗ್ಗೆ ಬೇಗ ಹೋಗದಿದ್ದರೆ ಒಳ್ಳೆ ಮೀನು ಸಿಗುವುದಿಲ್ಲ.

ಇಂತಿ,
ನಿನ್ನ ಮಾವ